ಎಸ್‌ಎಸ್‌ಎಚ್‌ಗೆ ಒಟಿಪಿ ಹಾಕಿದ್ದೇನೆ, ಆದರೆ ಕೋಡ್ ಕೇಳುತ್ತಲೇ ಇಲ್ಲ (ಉಬುಂಟು 22.04)

ಹುಬ್ಬಳ್ಳಿ_ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ಆಡಿಟರ್ ಆಫೀಸು. ಕ್ಲೈಂಟ್‌ಗಳ ಫೈಲು, ಬ್ಯಾಕಪ್ಪು ಇಡಲು ಕ್ಲೌಡ್‌ನಲ್ಲಿ ಒಂದು ಉಬುಂಟು 22.04 ಸರ್ವರ್ ಇದೆ. ಕಂಪ್ಯೂಟರ್ ಗೊತ್ತಿರೋನು ಅಂತ ಅದನ್ನು ನೋಡಿಕೊಳ್ಳುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ಲಾಗ್ ತೆಗೆದು ನೋಡಿದರೆ ದಿನವಿಡೀ ಯಾರ್ಯಾರೋ ರೂಟ್, ಅಡ್ಮಿನ್, ಟೆಸ್ಟ್ ಅಂತ ಹೆಸರು ಹಾಕಿ ಪಾಸ್‌ವರ್ಡ್ ಊಹಿಸುತ್ತಲೇ ಇರುತ್ತಾರೆ. ಅದಕ್ಕೇ ಸರ್ವರ್‌ಗೆ ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗೆ ಒಟಿಪಿ ಹಾಕೋಣ ಅಂತ ಹೊರಟೆ.

ಇಷ್ಟು ಮಾಡಿದ್ದೇನೆ. ಕಮಾಂಡ್‌ಗಳನ್ನು ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ, ಗೊತ್ತಾಗುತ್ತೆ ಅಲ್ವಾ?

ಸುಡೊ ಆಪ್ಟ್ ಇನ್‌ಸ್ಟಾಲ್ ಲಿಬ್‌ಪ್ಯಾಮ್-ಗೂಗಲ್-ಆಥೆಂಟಿಕೇಟರ್

ಆಮೇಲೆ ನನ್ನ ಯೂಸರ್‌ನಲ್ಲೇ ಗೂಗಲ್-ಆಥೆಂಟಿಕೇಟರ್ ಓಡಿಸಿದೆ. ಕ್ಯೂಆರ್ ಕೋಡ್ ಬಂತು, ಫೋನ್‌ನಲ್ಲಿ ಸ್ಕ್ಯಾನ್ ಮಾಡಿದೆ. ಕೇಳಿದ್ದಕ್ಕೆಲ್ಲ ವೈ ಒತ್ತಿದೆ. /ಇಟಿಸಿ/ಪ್ಯಾಮ್.ಡಿ/ಎಸ್‌ಎಸ್‌ಎಚ್‌ಡಿ ಫೈಲಿನ ಕೊನೆಗೆ ಈ ಸಾಲು ಸೇರಿಸಿದೆ:

ಆಥ್ ರಿಕ್ವೈರ್ಡ್ ಪ್ಯಾಮ್_ಗೂಗಲ್_ಆಥೆಂಟಿಕೇಟರ್.ಎಸ್‌ಒ

ಎಸ್‌ಎಸ್‌ಎಚ್ ರೀಸ್ಟಾರ್ಟ್ ಮಾಡಿದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಕೀ (ಪಾಸ್‌ವರ್ಡ್ ಬದಲು ಬಳಸುವ ಫೈಲು) ಇದೆ. ಅಲ್ಲಿಂದ ಹೋದರೆ ಕೋಡ್ ಕೇಳದೆ ಸೀದಾ ಒಳಗೆ ಬಿಡುತ್ತದೆ. ಕೀ ಇಲ್ಲದ ಆಫೀಸ್ ಕಂಪ್ಯೂಟರ್‌ನಿಂದ ಹೋದರೆ ಪಾಸ್‌ವರ್ಡ್ ಕೇಳುತ್ತದೆ, ಸರಿಯಾದದ್ದೇ ಹಾಕಿದರೂ ಪರ್ಮಿಷನ್ ಡಿನೈಡ್ ಅನ್ನುತ್ತದೆ. ಒಂದು ಕಡೆ ಬಾಗಿಲು ಹಾರುಹೊಡೆದಿದೆ, ಇನ್ನೊಂದು ಕಡೆ ಬೀಗ. ಎಲ್ಲಿ ಏನು ಬಿಟ್ಟುಹೋಗಿದೆ?

ಕಪ್ಪುಪರದೆ

ಬೇರೆ ಏನು ಮಾಡುವ ಮೊದಲು ಒಂದು ಮಾತು. ಈಗ ತೆರೆದಿರುವ ಸೆಷನ್ ಮುಚ್ಚಬೇಡಿ. ಎಸ್‌ಎಸ್‌ಎಚ್ ರೀಸ್ಟಾರ್ಟ್ ಮಾಡಿದರೂ ಆಗಲೇ ಒಳಗೆ ಇರುವ ಸೆಷನ್ ಬೀಳುವುದಿಲ್ಲ. ಅದನ್ನು ಹಾಗೇ ಬಿಟ್ಟು ಇನ್ನೊಂದು ಟರ್ಮಿನಲ್‌ನಿಂದ ಪರೀಕ್ಷೆ ಮಾಡಿ. ಕ್ಲೌಡ್ ಕಂಪನಿಯವರ ವೆಬ್ ಕನ್ಸೋಲ್ ಕೆಲಸ ಮಾಡುತ್ತದಾ ಅಂತಲೂ ಈಗಲೇ ನೋಡಿಕೊಳ್ಳಿ. ಕನ್ಸೋಲ್‌ನಲ್ಲಿ ಲಾಗಿನ್ ಆಗಲು ಪಾಸ್‌ವರ್ಡ್ ಬೇಕು, ಬರೀ ಕೀ ಇಟ್ಟುಕೊಂಡವರಿಗೆ ಪಾಸ್‌ವರ್ಡೇ ಇರುವುದಿಲ್ಲ. ಇದು ಎಲ್ಲರಿಗೂ ನೆನಪಾಗುವುದು ಹೊರಗೆ ಸಿಕ್ಕಿಬಿದ್ದ ಮೇಲೆ.

ಲಾಗ್‌ನಲ್ಲಿ ಏನಿದೆ? /ವಾರ್/ಲಾಗ್/ಆಥ್.ಲಾಗ್ ತೆರೆದು ಕೊನೆಯ ಸಾಲುಗಳನ್ನು ಹಾಕಿ.

ಹುಬ್ಬಳ್ಳಿ_ಹುಡುಗ

ಸೆಷನ್ ತೆರೆದೇ ಇದೆ ಸರ್, ಮುಚ್ಚಿಲ್ಲ. ಲಾಗ್‌ನಲ್ಲಿ "ಇನ್‌ವ್ಯಾಲಿಡ್ ವೆರಿಫಿಕೇಶನ್ ಕೋಡ್" ಅಂತ ನನ್ನ ಯೂಸರ್ ಹೆಸರಿನ ಜೊತೆ ಬರುತ್ತಿದೆ. ಆದರೆ ನಾನು ಕೋಡ್ ಹಾಕಿಯೇ ಇಲ್ಲವಲ್ಲ!

ಟರ್ಮಿನಲ್_ತಾತ

ತಮ್ಮಾ, ಆ ಲಾಗ್ ಸಾಲಿನಲ್ಲೇ ಉತ್ತರ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿಕೊ.

ಎಸ್‌ಎಸ್‌ಎಚ್‌ಡಿಗೆ, ಅಂದರೆ ಸರ್ವರ್ ಕಡೆ ಓಡುವ ಎಸ್‌ಎಸ್‌ಎಚ್ ಪ್ರೋಗ್ರಾಂಗೆ, ಪಾಸ್‌ವರ್ಡ್ ಕೇಳಲು ಎರಡು ದಾರಿ ಇವೆ. ಒಂದರ ಹೆಸರು ಪಾಸ್‌ವರ್ಡ್ ಆಥೆಂಟಿಕೇಶನ್, ಇನ್ನೊಂದರ ಹೆಸರು ಕೀಬೋರ್ಡ್-ಇಂಟರಾಕ್ಟಿವ್. ನೋಡೋಕೆ ಎರಡೂ ಒಂದೇ ಥರ. ಆದರೆ ಮೊದಲನೆಯ ದಾರಿಯಲ್ಲಿ ಕ್ಲೈಂಟ್ ಒಂದೇ ಒಂದು ಪಾಸ್‌ವರ್ಡ್ ಕಳಿಸುತ್ತದೆ, ಅಷ್ಟೇ. ಎರಡನೇ ಪ್ರಶ್ನೆ ಕೇಳಲು ಅಲ್ಲಿ ಜಾಗವೇ ಇಲ್ಲ. ನಿನ್ನ ಸರ್ವರ್‌ನಲ್ಲಿ ಆಗುತ್ತಿರುವುದು ಹೀಗೆ: ನೀನು ಪಾಸ್‌ವರ್ಡ್ ಕೊಟ್ಟೆ, ಪ್ಯಾಮ್ (ಲಿನಕ್ಸ್‌ನಲ್ಲಿ ಲಾಗಿನ್ ತಪಾಸಣೆ ಮಾಡುವ ವ್ಯವಸ್ಥೆ) ಅದನ್ನು ಒಪ್ಪಿಕೊಂಡಿತು. ಆಮೇಲೆ ನೀನು ಸೇರಿಸಿದ ಮಾಡ್ಯೂಲ್ "ವೆರಿಫಿಕೇಶನ್ ಕೋಡ್ ಕೊಡು" ಅಂದಿತು. ಎಸ್‌ಎಸ್‌ಎಚ್‌ಡಿ ಹತ್ತಿರ ಕೊಡಲು ಬೇರೆ ಏನೂ ಇಲ್ಲ, ಅದೇ ಪಾಸ್‌ವರ್ಡನ್ನು ಕೋಡ್ ಅಂತ ಕೊಟ್ಟಿತು. ಮಾಡ್ಯೂಲ್ ತಪ್ಪು ಕೋಡ್ ಅಂತ ಲಾಗ್ ಬರೆದು ಹೊರಗೆ ಹಾಕಿತು.

ಕೀಬೋರ್ಡ್-ಇಂಟರಾಕ್ಟಿವ್ ದಾರಿಯಲ್ಲಿ ಪ್ಯಾಮ್ ಎಷ್ಟು ಪ್ರಶ್ನೆ ಬೇಕಾದರೂ ಕೇಳಬಹುದು. ಉಬುಂಟು ಅದನ್ನು ಮೊದಲಿಂದ 'ನೋ' ಅಂತ ಇಟ್ಟಿರುತ್ತದೆ. /ಇಟಿಸಿ/ಎಸ್‌ಎಸ್‌ಎಚ್/ಎಸ್‌ಎಸ್‌ಎಚ್‌ಡಿ_ಕಾನ್ಫಿಗ್ ಫೈಲಿನಲ್ಲಿ ಇದನ್ನು ಬದಲಿಸು:

ಕೆಬಿಡಿ‌ಇಂಟರಾಕ್ಟಿವ್‌ಆಥೆಂಟಿಕೇಶನ್ ಯೆಸ್

ಹಳೆಯ ಬರಹಗಳಲ್ಲಿ ಇದನ್ನೇ ಚಾಲೆಂಜ್‌ರೆಸ್ಪಾನ್ಸ್‌ಆಥೆಂಟಿಕೇಶನ್ ಅಂತ ಬರೆದಿರುತ್ತಾರೆ. 2021ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 8.7ರಿಂದ ಅದು ಹಳೆಯ ಹೆಸರಾಯಿತು. ಕೆಲಸ ಮಾಡುತ್ತದೆ, ಆದರೆ ಫೈಲಿನಲ್ಲಿ ಎರಡೂ ಇದ್ದು ಒಂದು ಯೆಸ್ ಇನ್ನೊಂದು ನೋ ಅಂತಿದ್ದರೆ ಮೊದಲು ಬಂದದ್ದೇ ನಡೆಯುತ್ತದೆ.

ಇನ್ನು ಕೀ ವಿಷಯ. ಕೀಯಿಂದ ಬಂದವರಿಗೆ ಪ್ಯಾಮ್‌ನ 'ಆಥ್' ಸಾಲುಗಳು ಓಡುವುದೇ ಇಲ್ಲ. ಕೀ ಸರಿಯಿದೆಯಾ ಅಂತ ಎಸ್‌ಎಸ್‌ಎಚ್‌ಡಿ ತಾನೇ ನೋಡುತ್ತದೆ. ಆಮೇಲೆ ಪ್ಯಾಮ್‌ನ 'ಅಕೌಂಟ್' ಮತ್ತು 'ಸೆಷನ್' ಭಾಗ ಮಾತ್ರ ಕರೆಯುತ್ತದೆ. ಪ್ಯಾಮ್ ಫೈಲಿನಲ್ಲಿ ನೀನು ಏನೇ ಬರೆದರೂ ಕೀ ಇದ್ದವನನ್ನು ಅದು ತಡೆಯುವುದಿಲ್ಲ. ಕೀ ಮತ್ತು ಕೋಡ್ ಎರಡೂ ಬೇಕು ಅಂತ ಎಸ್‌ಎಸ್‌ಎಚ್‌ಡಿಗೇ ಹೇಳಬೇಕು:

ಆಥೆಂಟಿಕೇಶನ್‌ಮೆಥಡ್ಸ್ ಪಬ್ಲಿಕ್‌ಕೀ,ಕೀಬೋರ್ಡ್-ಇಂಟರಾಕ್ಟಿವ್

ನಡುವೆ ಅಲ್ಪವಿರಾಮ ಇದೆ, ನೋಡು. ಅದರ ಜಾಗದಲ್ಲಿ ಖಾಲಿ ಜಾಗ ಬಿಟ್ಟರೆ 'ಇದಾದರೂ ಸರಿ, ಅದಾದರೂ ಸರಿ' ಅಂತ ಅರ್ಥ. ಅಲ್ಪವಿರಾಮ ಇದ್ದರೆ 'ಇದೂ ಬೇಕು, ಆಮೇಲೆ ಅದೂ ಬೇಕು'. ಒಂದು ಚುಕ್ಕೆಯಲ್ಲಿ ಇಡೀ ಭದ್ರತೆ ಹೋಗುತ್ತದೆ.

ಸುಮ್ನೆ ಇರಲಿ ಅಂತ ಇನ್ನೊಂದು ಹೇಳಿಬಿಡುತ್ತೇನೆ. ಈ ಪ್ಯಾಮ್ ಅನ್ನುವುದು ಲಿನಕ್ಸ್‌ನಲ್ಲಿ ಹುಟ್ಟಿದ್ದಲ್ಲ. ಸನ್ ಕಂಪನಿಯವರು 1995ರಲ್ಲಿ ಇದರ ರೂಪುರೇಷೆ ಬರೆದರು. 1996ರಲ್ಲಿ ರೆಡ್ ಹ್ಯಾಟ್ ಲಿನಕ್ಸ್ 3.0.4ರಲ್ಲಿ ಲಿನಕ್ಸ್‌ಗೆ ಬಂತು. ಅದಕ್ಕೂ ಮೊದಲು ಲಾಗಿನ್, ಎಫ್‌ಟಿಪಿ, ಎಸ್‌ಯು ಎಲ್ಲವೂ ತಾವೇ ಪಾಸ್‌ವರ್ಡ್ ಫೈಲ್ ಓದುತ್ತಿದ್ದವು. ಹೊಸ ವಿಧಾನ ಬೇಕೆಂದರೆ ಪ್ರತಿಯೊಂದನ್ನೂ ತಿದ್ದಿ ಮತ್ತೆ ಕಂಪೈಲ್ ಮಾಡಬೇಕಿತ್ತು. ಈಗ ಒಂದು ಫೈಲಿನಲ್ಲಿ ಒಂದು ಸಾಲು. ಬೈಯುವವರು ಜಾಸ್ತಿ, ಆದರೆ ಇದು ಒಳ್ಳೆಯ ಕೆಲಸ.

ಸಹ್ಯಾದ್ರಿ_ಎಸ್

ತಾತ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಉಬುಂಟು 22.04ರ ಎಸ್‌ಎಸ್‌ಎಚ್‌ಡಿ_ಕಾನ್ಫಿಗ್‌ನ ಮೇಲ್ಗಡೆಯೇ ಒಂದು ಇನ್‌ಕ್ಲೂಡ್ ಸಾಲು ಇದೆ. ಅದು ಎಸ್‌ಎಸ್‌ಎಚ್‌ಡಿ_ಕಾನ್ಫಿಗ್.ಡಿ ಫೋಲ್ಡರ್‌ನಲ್ಲಿರುವ ಫೈಲ್‌ಗಳನ್ನು ಮೊದಲು ಓದುತ್ತದೆ. ಮೊದಲು ಸಿಕ್ಕ ಬೆಲೆಯೇ ಗೆಲ್ಲುವುದರಿಂದ, ಕ್ಲೌಡ್ ಇಮೇಜ್‌ನವರು ಅಲ್ಲಿ 50-ಕ್ಲೌಡ್-ಇನಿಟ್ ಅಂತ ಒಂದು ಫೈಲ್ ಇಟ್ಟಿದ್ದರೆ ನೀವು ಕೆಳಗೆ ಬರೆದದ್ದು ನಡೆಯದೇ ಹೋಗಬಹುದು. ಕಣ್ಣಿಂದ ಓದಿ ನಂಬಬೇಡಿ. ಸರ್ವರನ್ನೇ ಕೇಳಿ:

ಸುಡೊ ಎಸ್‌ಎಸ್‌ಎಚ್‌ಡಿ -ಟಿ

ಇದರಲ್ಲಿ ಸಣ್ಣ ಟಿ ಹಾಕಿದರೆ ಫೈಲಿನಲ್ಲಿ ತಪ್ಪು ಇದೆಯಾ ಅಂತ ಮಾತ್ರ ನೋಡುತ್ತದೆ. ದೊಡ್ಡ ಟಿ ಹಾಕಿದರೆ ಎಲ್ಲ ಫೈಲ್ ಸೇರಿಸಿ ಕೊನೆಗೆ ಯಾವ ಸೆಟ್ಟಿಂಗ್ ನಿಂತಿದೆ ಅಂತ ಪೂರ್ತಿ ಪಟ್ಟಿ ಕೊಡುತ್ತದೆ. ಅದರಲ್ಲಿ ಆಥೆಂಟಿಕೇಶನ್‌ಮೆಥಡ್ಸ್ ಸಾಲು ಹುಡುಕಿ. ರೀಸ್ಟಾರ್ಟ್ ಮಾಡುವ ಮೊದಲು ಎರಡನ್ನೂ ಓಡಿಸಿ.

ಹುಬ್ಬಳ್ಳಿ_ಹುಡುಗ

ತಾತ, ಮೇಡಂ, ಇಬ್ಬರಿಗೂ ಥ್ಯಾಂಕ್ಸ್. ಮೇಡಂ ಹೇಳಿದ್ದೇ ಇತ್ತು. ಕ್ಲೌಡ್-ಇನಿಟ್ ಫೈಲಿನಲ್ಲಿ ಪಾಸ್‌ವರ್ಡ್‌ಆಥೆಂಟಿಕೇಶನ್ ಯೆಸ್ ಅಂತಿದೆ. ನಾನು ಕೆಳಗಿನ ಫೈಲಿನಲ್ಲಿ ನೋ ಮಾಡಿದ್ದರೂ ಪಾಸ್‌ವರ್ಡ್ ಕೇಳುತ್ತಿದ್ದದ್ದು ಅದಕ್ಕೇ. ಈಗ ಅಲ್ಲೇ ಬದಲಿಸಿದೆ. ತಾತ ಹೇಳಿದ ಎರಡು ಸಾಲೂ ಹಾಕಿದೆ. ಕೋಡ್ ಕೇಳುತ್ತಿದೆ!

ಆದರೆ ಈಗ ಮೂರು ಆಯಿತು. ಕೀ ಒಪ್ಪುತ್ತದೆ, ಆಮೇಲೆ ಪಾಸ್‌ವರ್ಡ್ ಕೇಳುತ್ತದೆ, ಆಮೇಲೆ ಕೋಡ್. ನಮ್ಮ ಸೀನಿಯರ್ ಇಷ್ಟೆಲ್ಲ ಟೈಪ್ ಮಾಡುವುದಿಲ್ಲ. ಕೀ ಮತ್ತು ಕೋಡ್ ಸಾಕು. ಪಾಸ್‌ವರ್ಡ್ ತೆಗೆಯುವುದು ಹೇಗೆ?

ಕಪ್ಪುಪರದೆ

ಪ್ಯಾಮ್‌ನ ಎಸ್‌ಎಸ್‌ಎಚ್‌ಡಿ ಫೈಲಿನಲ್ಲಿ "@ಇನ್‌ಕ್ಲೂಡ್ ಕಾಮನ್-ಆಥ್" ಅನ್ನುವ ಸಾಲಿನ ಮುಂದೆ ಹ್ಯಾಶ್ (#) ಹಾಕಿ, ಆ ಸಾಲನ್ನು ಓದದೆ ಬಿಡುತ್ತದೆ. ಮುಗೀತು.

ಸಹ್ಯಾದ್ರಿ_ಎಸ್

ಅಷ್ಟು ಸಲೀಸಾಗಿ ಮುಗೀತು ಅನ್ನಬೇಡಿ ಸರ್. ಆ ಸಾಲು ತೆಗೆದರೆ ಪ್ಯಾಮ್ ಕಡೆಯಿಂದ ಉಳಿಯುವುದು ಆರು ಅಂಕಿಯ ಕೋಡ್ ಒಂದೇ. ಮುಂದೆ ಯಾವತ್ತೋ ಯಾರೋ ಆಥೆಂಟಿಕೇಶನ್‌ಮೆಥಡ್ಸ್ ಸಾಲು ಅಳಿಸಿದರು ಅನ್ನಿ. ಆಗ ಕೀ ಬೇಡ, ಪಾಸ್‌ವರ್ಡ್ ಬೇಡ, ಕೋಡ್ ಇದ್ದರೆ ಒಳಗೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಇನ್ನೂ ಕೋಡ್ ಹಾಕಿಕೊಳ್ಳದ ಯೂಸರ್‌ಗಳಿಗೆ ತೊಂದರೆ ಆಗಬಾರದು ಅಂತ ಮಾಡ್ಯೂಲ್ ಸಾಲಿನ ಕೊನೆಗೆ 'ನಲ್‌ಓಕೆ' ಸೇರಿಸಿ ಅಂತ ಎಲ್ಲ ಕಡೆ ಬರೆದಿರುತ್ತಾರೆ. ನಲ್‌ಓಕೆ ಇದ್ದಾಗ, ಸೀಕ್ರೆಟ್ ಫೈಲ್ (ಕೋಡ್ ಲೆಕ್ಕ ಹಾಕಲು ಬೇಕಾದ ಗುಟ್ಟು ಇರುವ ಫೈಲು) ಇಲ್ಲದ ಯೂಸರ್ ಬಂದರೆ ಆ ಮಾಡ್ಯೂಲ್ ಹೌದು ಅನ್ನುವುದಿಲ್ಲ, ಇಲ್ಲ ಅನ್ನುವುದೂ ಇಲ್ಲ, 'ನನ್ನನ್ನು ಲೆಕ್ಕಕ್ಕೆ ಹಿಡಿಯಬೇಡಿ' ಅನ್ನುತ್ತದೆ. ಪ್ಯಾಮ್‌ಗೆ ಯಾರಾದರೂ ಒಬ್ಬರು ಹೌದು ಅನ್ನಲೇಬೇಕು. ಕಾಮನ್-ಆಥ್ ತೆಗೆದಿದ್ದರೆ ಹೌದು ಅನ್ನುವವರೇ ಇಲ್ಲ, ಆ ಯೂಸರ್ ಹೊರಗೆ. ಅದಕ್ಕೆ ಪರಿಹಾರ ಅಂತ ಕೆಳಗೆ ಇನ್ನೊಂದು ಸಾಲು ಸೇರಿಸುತ್ತಾರೆ:

ಆಥ್ ರಿಕ್ವೈರ್ಡ್ ಪ್ಯಾಮ್_ಪರ್ಮಿಟ್.ಎಸ್‌ಒ

ಇದು ಯಾರು ಬಂದರೂ ಹೌದು ಅನ್ನುತ್ತದೆ. ಈಗ ಮೂರನ್ನೂ ಸೇರಿಸಿ ನೋಡಿ. ಕಾಮನ್-ಆಥ್ ಇಲ್ಲ, ನಲ್‌ಓಕೆ ಇದೆ, ಪರ್ಮಿಟ್ ಇದೆ. ಆಥೆಂಟಿಕೇಶನ್‌ಮೆಥಡ್ಸ್ ಒಂದು ತಪ್ಪಿದರೆ, ಕೋಡ್ ಹಾಕಿಕೊಳ್ಳದ ಯೂಸರ್ ಹೆಸರು ಗೊತ್ತಿದ್ದವರು ಏನೂ ಕೊಡದೆ ಒಳಗೆ ಬರಬಹುದು. ಒಂದೊಂದು ಸಾಲನ್ನೂ ಬೇರೆಬೇರೆ ನೋಡಿದರೆ ಎಲ್ಲ ಸರಿ ಅನ್ನಿಸುತ್ತದೆ. ಸೇರಿದಾಗಲೇ ಅಪಾಯ.

ಹಾಗಾಗಿ ನನ್ನ ಅಭಿಪ್ರಾಯ: ನಿಮ್ಮ ಆಫೀಸಿನಲ್ಲಿ ನಾಲ್ಕೈದು ಜನ ತಾನೇ? ಒಂದು ಮಧ್ಯಾಹ್ನ ಎಲ್ಲರನ್ನೂ ಕೂರಿಸಿ ಕೋಡ್ ಹಾಕಿಸಿಬಿಡಿ. ನಲ್‌ಓಕೆಯ ಗೊಡವೆಯೇ ಬೇಡ.

ಟರ್ಮಿನಲ್_ತಾತ

ಸಹ್ಯಾದ್ರಿಯವರು ಸರಿಯಾಗಿ ಹೇಳಿದರು. ನಲ್‌ಓಕೆಯಲ್ಲಿ ಇನ್ನೂ ಒಂದು ತೂತಿದೆ. ಆ ಸೀಕ್ರೆಟ್ ಇರುವುದು ಯೂಸರ್‌ನ ಹೋಮ್ ಫೋಲ್ಡರ್‌ನಲ್ಲಿ, .ಗೂಗಲ್_ಆಥೆಂಟಿಕೇಟರ್ ಅನ್ನುವ ಅಡಗಿದ ಫೈಲಿನಲ್ಲಿ. ಅದರ ಯಜಮಾನ ಆ ಯೂಸರೇ. ಕೋಡ್ ಹಾಕುವುದು ಬೇಜಾರು ಅಂತ ಅವನು ಆ ಫೈಲನ್ನು ಅಳಿಸಿದರೆ ಸಾಕು, ನಾಳೆಯಿಂದ ಕೋಡ್ ಇಲ್ಲದೆ ಓಡಾಡುತ್ತಾನೆ. ಇದು ಬೇಡ ಅಂದರೆ ಲಿಬ್‌ಪ್ಯಾಮ್-ಓಥ್ ಅಂತ ಇನ್ನೊಂದು ಪ್ಯಾಕೇಜ್ ಇದೆ. ಅದರಲ್ಲಿ ಎಲ್ಲರ ಸೀಕ್ರೆಟ್ಟೂ ರೂಟ್ (ಪೂರ್ತಿ ಅಧಿಕಾರ ಇರುವ ಯೂಸರ್) ಕೈಯಲ್ಲಿರುವ ಒಂದೇ ಫೈಲಿನಲ್ಲಿ ಇಡಬಹುದು. ದೊಡ್ಡ ಜಾಗಕ್ಕೆ ಅದೇ ಮೇಲು. ನಿಮ್ಮ ಆಫೀಸಿಗೆ ಈಗಿರುವುದು ಸಾಕು.

ಮತ್ತೆ, ನೀನು ಕೇಳಿದ್ದಕ್ಕೆಲ್ಲ ವೈ ಒತ್ತಿದೆ ಅಂದೆಯಲ್ಲ. ಅದರಲ್ಲಿ ಒಂದು ಪ್ರಶ್ನೆಗೆ ಎನ್ ಒತ್ತಬೇಕಿತ್ತು. ಮಾಮೂಲಿಗೆ ಹಿಂದಿನ ಕೋಡ್, ಈಗಿನದು, ಮುಂದಿನದು, ಹೀಗೆ 3 ಕೋಡ್ ನಡೆಯುತ್ತವೆ. ಗಡಿಯಾರದ ತೊಂದರೆ ಇದ್ದರೆ ಅದನ್ನು 17 ಮಾಡಲಾ ಅಂತ ಅದು ಕೇಳುತ್ತದೆ. ವೈ ಅಂದರೆ ಗಡಿಯಾರ 4 ನಿಮಿಷ ಆಚೀಚೆ ಇದ್ದರೂ ಬಿಡುತ್ತದೆ. ಬೇಕಿಲ್ಲ. ಮತ್ತೊಮ್ಮೆ ಓಡಿಸಿ ಹೊಸ ಕ್ಯೂಆರ್ ಸ್ಕ್ಯಾನ್ ಮಾಡು. ಒಂದು ಕೋಡ್ ಎರಡು ಸಲ ನಡೆಯಬಾರದು ಅನ್ನುವುದಕ್ಕೆ ವೈ, 30 ಸೆಕೆಂಡಿಗೆ 3 ಸಲ ಮಾತ್ರ ಅನ್ನುವುದಕ್ಕೂ ವೈ.

ಹೊಸಬ_24

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಕಾಲೇಜು ಪ್ರಾಜೆಕ್ಟ್‌ಗೆ ನನ್ನ ಡೆಸ್ಕ್‌ಟಾಪ್‌ನಲ್ಲೇ ಇದನ್ನು ಹಾಕಿದ್ದೇನೆ. ವಿಂಡೋಸ್ ಮತ್ತು ಉಬುಂಟು ಎರಡೂ ಇವೆ. ಕೆಲವು ದಿನ ಕೋಡ್ ಸರಿಯಾಗಿ ನಡೆಯುತ್ತದೆ, ಕೆಲವು ದಿನ ಎಷ್ಟು ಸಲ ಹಾಕಿದರೂ ಇಲ್ಲ. ಟೈಮ್ ಝೋನ್ ಕೋಲ್ಕತ್ತಾ ಅಂತ ಇದೆ, ಅದನ್ನು ಯುಟಿಸಿ ಮಾಡಬೇಕಾ?

ಟರ್ಮಿನಲ್_ತಾತ

ಟೈಮ್ ಝೋನ್ ಮುಟ್ಟಬೇಡ ಮರಿ. ಕೋಡ್ ಹುಟ್ಟುವುದು 1970ರ ಜನವರಿ 1ರಿಂದ ಯುಟಿಸಿ ಲೆಕ್ಕದಲ್ಲಿ ಎಷ್ಟು 30 ಸೆಕೆಂಡ್‌ಗಳು ಕಳೆದಿವೆ ಅನ್ನುವ ಸಂಖ್ಯೆಯಿಂದ. ಆ ಸಂಖ್ಯೆಯನ್ನೂ ಸೀಕ್ರೆಟ್ಟನ್ನೂ ಸೇರಿಸಿ ಎಚ್‌ಮ್ಯಾಕ್ ಅನ್ನುವ ಲೆಕ್ಕ ಮಾಡಿ ಆರು ಅಂಕಿ ತೆಗೆಯುತ್ತಾರೆ. 2011ರ ಆರ್‌ಎಫ್‌ಸಿ 6238 ಅನ್ನುವ ಇಂಟರ್ನೆಟ್ ದಾಖಲೆಯಲ್ಲಿ ಇದೆ. ಗೋಡೆಯ ಗಡಿಯಾರ ಎಷ್ಟು ತೋರಿಸುತ್ತದೆ ಅನ್ನುವುದು ಅದಕ್ಕೆ ಬೇಕಿಲ್ಲ.

ನಿನ್ನ ತೊಂದರೆ ವಿಂಡೋಸ್‌ನದ್ದು. ಮದರ್‌ಬೋರ್ಡ್‌ನ ಗಡಿಯಾರದಲ್ಲಿ ವಿಂಡೋಸ್ ಸ್ಥಳೀಯ ಸಮಯ ಬರೆದಿಡುತ್ತದೆ. ಲಿನಕ್ಸ್ ಅದನ್ನು ಯುಟಿಸಿ ಅಂತ ಓದುತ್ತದೆ. ನಮ್ಮಲ್ಲಿ ಅದು ಐದೂವರೆ ಗಂಟೆ ವ್ಯತ್ಯಾಸ. ಇಂಟರ್ನೆಟ್ ಸಿಕ್ಕಿದ ಕೂಡಲೇ ಲಿನಕ್ಸ್ ಸರಿ ಮಾಡಿಕೊಳ್ಳುತ್ತದೆ. ನೆಟ್ ಇಲ್ಲದಾಗ, ಅಥವಾ ಹಾಸ್ಟೆಲ್ ವೈಫೈನವರು ಸಮಯ ತರುವ ಎನ್‌ಟಿಪಿಯ 123ನೇ ಪೋರ್ಟ್ ಮುಚ್ಚಿದ್ದಾಗ, ತಪ್ಪು ಸಮಯವೇ ಉಳಿಯುತ್ತದೆ. ಟೈಮ್‌ಡೇಟ್‌ಸಿಟಿಎಲ್ ಅಂತ ಓಡಿಸಿ ನೋಡು, ಸಿಸ್ಟಂ ಕ್ಲಾಕ್ ಸಿಂಕ್ರನೈಸ್ಡ್ ಅನ್ನುವ ಸಾಲಿನಲ್ಲಿ ಯೆಸ್ ಇರಬೇಕು. ಶಾಶ್ವತವಾಗಿ ಸರಿ ಮಾಡಬೇಕಾದರೆ ವಿಂಡೋಸ್ ರಿಜಿಸ್ಟ್ರಿಯಲ್ಲಿ ರಿಯಲ್‌ಟೈಮ್‌ಈಸ್‌ಯೂನಿವರ್ಸಲ್ ಅನ್ನುವುದನ್ನು 1 ಮಾಡು, ಅದೂ ಯುಟಿಸಿ ಬರೆಯಲು ಶುರು ಮಾಡುತ್ತದೆ.

ಹೊಸಬ_24

ಅದೇ ಇತ್ತು ತಾತ! ವಿಂಡೋಸ್‌ನಲ್ಲಿ ಗೇಮ್ ಆಡಿ ರೀಬೂಟ್ ಮಾಡಿದ ದಿನ ಮಾತ್ರ ಆಗುತ್ತಿತ್ತು.

ಇನ್ನೊಂದು ಪ್ರಶ್ನೆ. ಇದಕ್ಕೆ ಗೂಗಲ್ ಹೆಸರಿದೆಯಲ್ಲ, ನಮ್ಮ ಲಾಗಿನ್ ವಿವರ ಎಲ್ಲ ಗೂಗಲ್‌ಗೆ ಹೋಗುತ್ತಾ?

ಕಪ್ಪುಪರದೆ

ಹೋಗುವುದಿಲ್ಲ. ಸರ್ವರ್ ತನ್ನಲ್ಲೇ ಲೆಕ್ಕ ಹಾಕುತ್ತದೆ, ಫೋನ್ ತನ್ನಲ್ಲೇ ಹಾಕುತ್ತದೆ. ಫೋನ್ ಏರೋಪ್ಲೇನ್ ಮೋಡ್‌ನಲ್ಲಿದ್ದರೂ ಕೋಡ್ ಬರುತ್ತದೆ. ಗೂಗಲ್‌ನ ಆ್ಯಪ್ಪೇ ಬೇಕೆಂದಿಲ್ಲ, ಏಜಿಸ್ ಅಥವಾ ಫ್ರೀಒಟಿಪಿ ಹಾಕಿಕೊಳ್ಳಿ. ಒಂದೇ ಎಚ್ಚರ: ಕ್ಯೂಆರ್ ತೋರಿಸುವಾಗ ಮೇಲೆ ಒಂದು ಲಿಂಕ್ ಕೂಡ ಕೊಡುತ್ತದೆ. ಅದರೊಳಗೆ ನಿಮ್ಮ ಸೀಕ್ರೆಟ್ ಇದೆ. ಬ್ರೌಸರ್‌ನಲ್ಲಿ ತೆರೆಯಬೇಡಿ. ಟರ್ಮಿನಲ್‌ನಲ್ಲಿ ಬಂದ ಕ್ಯೂಆರ್ ಅನ್ನೇ ಸ್ಕ್ಯಾನ್ ಮಾಡಿ. ಅದರ ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಡಿ, ದಯವಿಟ್ಟು.

ಹುಬ್ಬಳ್ಳಿ_ಹುಡುಗ

ಮತ್ತೆ ನಾನೇ. ಎಲ್ಲರಿಗೂ ಕೋಡ್ ಹಾಕಿಸಿದ್ದಾಯಿತು, ಕಾಮನ್-ಆಥ್‌ಗೆ ಹ್ಯಾಶ್ ಹಾಕಿದ್ದಾಯಿತು, ನಲ್‌ಓಕೆ ಇಲ್ಲ. ಕೀ ಆದಮೇಲೆ ಕೋಡ್ ಮಾತ್ರ ಕೇಳುತ್ತಿದೆ. ಎಲ್ಲ ಸರಿ ಅಂದುಕೊಂಡರೆ ರಾತ್ರಿಯ ಬ್ಯಾಕಪ್ ನಿಂತುಹೋಗಿದೆ. ಆಫೀಸಿನ ಕಂಪ್ಯೂಟರ್‌ನಿಂದ ಆರ್‌ಸಿಂಕ್ (ಫೈಲ್ ನಕಲು ಮಾಡುವ ಕಮಾಂಡ್) ಕ್ರಾನ್‌ನಲ್ಲಿ, ಅಂದರೆ ಹೊತ್ತಿಗೆ ಸರಿಯಾಗಿ ತಾನಾಗೇ, ಓಡುತ್ತದೆ. ರಾತ್ರಿ ಎರಡು ಗಂಟೆಗೆ ಕೋಡ್ ಹಾಕೋರು ಯಾರು?

ಸಹ್ಯಾದ್ರಿ_ಎಸ್

ಬ್ಯಾಕಪ್‌ಗೆ ಬೇರೆ ಯೂಸರ್ ಇದೆಯಾ? ಇಲ್ಲದಿದ್ದರೆ ಒಂದು ಮಾಡಿ. ಅವನಿಗೆ ಸುಡೊ (ರೂಟ್ ಅಧಿಕಾರದಲ್ಲಿ ಕಮಾಂಡ್ ಓಡಿಸುವ ಅನುಮತಿ) ಬೇಡ. ಆಮೇಲೆ ಎಸ್‌ಎಸ್‌ಎಚ್‌ಡಿ_ಕಾನ್ಫಿಗ್‌ನ ಕಟ್ಟಕಡೆಗೆ:

ಮ್ಯಾಚ್ ಯೂಸರ್ ಬ್ಯಾಕಪ್‌ಹುಡುಗ
ಆಥೆಂಟಿಕೇಶನ್‌ಮೆಥಡ್ಸ್ ಪಬ್ಲಿಕ್‌ಕೀ

ಕಟ್ಟಕಡೆಗೆ ಅಂದದ್ದು ಸುಮ್ಮನೆ ಅಲ್ಲ. ಮ್ಯಾಚ್ ಬರೆದ ಮೇಲೆ ಬರುವ ಎಲ್ಲ ಸಾಲುಗಳೂ, ಮುಂದಿನ ಮ್ಯಾಚ್ ಬರುವವರೆಗೆ ಅಥವಾ ಫೈಲ್ ಮುಗಿಯುವವರೆಗೆ, ಆ ಯೂಸರ್‌ಗೆ ಮಾತ್ರ.

ಈಗ ಆ ಒಂದು ಕೀ ಬರಿಗೈಲಿ ಒಳಗೆ ಬರುತ್ತದೆ ಅಂತ ಆಯಿತು. ಅದಕ್ಕೆ ಕಡಿವಾಣ ಬೇಕು. ಆ ಯೂಸರ್‌ನ ಆಥರೈಸ್ಡ್_ಕೀಸ್ ಫೈಲಿನಲ್ಲಿ ಕೀಯ ಮುಂದೆ 'ರಿಸ್ಟ್ರಿಕ್ಟ್' ಅಂತ ಬರೆಯಿರಿ, ಟನೆಲ್, ಫಾರ್ವರ್ಡಿಂಗ್ ಎಲ್ಲ ಬಂದ್ ಆಗುತ್ತದೆ. ಆಫೀಸಿಗೆ ಸ್ಥಿರ ಐಪಿ ಇದ್ದರೆ 'ಫ್ರಂ' ಅಂತ ಹಾಕಿ ಆ ಐಪಿ ಕೊಡಿ. 'ಕಮಾಂಡ್' ಹಾಕಿ ಆರ್‌ಆರ್‌ಸಿಂಕ್ ಸ್ಕ್ರಿಪ್ಟಿಗೆ ಕಟ್ಟಿದರೆ ಒಂದು ಫೋಲ್ಡರ್ ಬಿಟ್ಟು ಬೇರೆಲ್ಲೂ ಕೈ ಹಾಕಲಾಗದು.

ನಾನು ಕೆಲಸದಲ್ಲಿ ರೆಡ್ ಹ್ಯಾಟ್ ಕಡೆಯ ಸಿಸ್ಟಂ ನೋಡುತ್ತೇನೆ. ಅಲ್ಲಿ ಇದೇ ಪ್ಯಾಕೇಜ್ ಈಪೆಲ್ ಅನ್ನುವ ಹೆಚ್ಚುವರಿ ಪ್ಯಾಕೇಜ್ ಭಂಡಾರದಲ್ಲಿ ಸಿಗುತ್ತದೆ. ಆದರೆ ಎಸ್‌ಇಲಿನಕ್ಸ್ ಅನ್ನುವ ಭದ್ರತಾ ಕಾವಲು ಇರುವುದರಿಂದ ಹೋಮ್‌ನಲ್ಲಿರುವ ಆ ಅಡಗಿದ ಫೈಲಿಗೆ ಎಸ್‌ಎಸ್‌ಎಚ್‌ಡಿ ಬರೆಯಲಾಗದೆ ಒದ್ದಾಡುತ್ತದೆ. ಫೈಲನ್ನು .ಎಸ್‌ಎಸ್‌ಎಚ್ ಫೋಲ್ಡರ್ ಒಳಗೆ ಇಟ್ಟು, ರಿಸ್ಟೋರ್‌ಕಾನ್ ಓಡಿಸಿ, ಮಾಡ್ಯೂಲ್ ಸಾಲಿನಲ್ಲಿ 'ಸೀಕ್ರೆಟ್=' ಅಂತ ಹೊಸ ದಾರಿ ಕೊಡಬೇಕು. ಫೆಡೋರಾ ಬಳಸುವವರು ಇಲ್ಲಿಗೆ ಹುಡುಕಿಕೊಂಡು ಬಂದರೆ ಉಪಯೋಗ ಆಗಲಿ ಅಂತ ಬರೆದೆ. ಎಸ್‌ಇಲಿನಕ್ಸ್ ಆಫ್ ಮಾಡಿ ಅನ್ನುವ ಸಲಹೆ ಕೇಳಬೇಡಿ.

ಪರದೇಶಿ_ಪುಟ್ಟ

ಇಷ್ಟೆಲ್ಲ ಯಾಕೆ? ನಾನಿಲ್ಲಿ ಜರ್ಮನಿಯಲ್ಲಿ ಹಾರ್ಡ್‌ವೇರ್ ಕೀ ಬಳಸುತ್ತೇನೆ. 2020ರ ಓಪನ್‌ಎಸ್‌ಎಸ್‌ಎಚ್ 8.2ರಿಂದ ಎಸ್‌ಎಸ್‌ಎಚ್-ಕೀಜೆನ್‌ನಲ್ಲೇ ಇಡಿ25519-ಎಸ್‌ಕೆ ಅನ್ನುವ ಬಗೆ ಇದೆ. ಯುಎಸ್‌ಬಿ ಚುಚ್ಚು, ಬೆರಳು ಮುಟ್ಟಿಸು, ಒಳಗೆ ಹೋಗು. ಪ್ಯಾಮ್ ಫೈಲ್ ಮುಟ್ಟುವುದೇ ಬೇಡ. ಗಡಿಯಾರದ ತಲೆನೋವೂ ಇಲ್ಲ.

ಟರ್ಮಿನಲ್_ತಾತ

ಪುಟ್ಟ, ನೀನು ಹೇಳುವುದು ಒಪ್ಪಿದೆ, ಅದು ಒಟಿಪಿಗಿಂತ ಗಟ್ಟಿ. ಸೀಕ್ರೆಟ್ ಸರ್ವರ್‌ನಲ್ಲಿ ಇರುವುದೇ ಇಲ್ಲ. ಆದರೆ ಒಂದೊಂದಕ್ಕೆ ಸಾವಿರಗಟ್ಟಲೆ ರೂಪಾಯಿ, ಕಳೆದರೆ ಅಂತ ಒಬ್ಬೊಬ್ಬರಿಗೆ ಎರಡೆರಡು. ಐದು ಜನರ ಆಡಿಟರ್ ಆಫೀಸಿನಲ್ಲಿ ಇದನ್ನು ಯಜಮಾನರಿಗೆ ಒಪ್ಪಿಸುವವರು ಯಾರು? ಫೋನ್ ಎಲ್ಲರ ಜೇಬಿನಲ್ಲೂ ಇದೆ. ನಮ್ಮ ಹುಡುಗ ತನ್ನ ಒಬ್ಬನ ಲಾಗಿನ್‌ಗೆ ಅದನ್ನು ಮಾಡಿಕೊಳ್ಳಲಿ, ಸುಡೊ ಇರುವುದು ಅವನಿಗೆ ತಾನೇ.

ಹುಬ್ಬಳ್ಳಿ_ಹುಡುಗ

ಬ್ಯಾಕಪ್ ಓಡಿತು ಮೇಡಂ, ಬೆಳಿಗ್ಗೆ ಲಾಗ್ ನೋಡಿದೆ. ಹಾರ್ಡ್‌ವೇರ್ ಕೀ ವಿಷಯ ಯಜಮಾನರ ಕಿವಿಗೆ ಹಾಕಿದ್ದೇನೆ, ಬಿಲ್ ಎಷ್ಟು ಅಂತ ಕೇಳಿ ಸುಮ್ಮನಾದರು.

ಕೊನೆಯದಾಗಿ ಒಂದು. ಸೀನಿಯರ್ ಫೋನ್ ಕಳೆದುಕೊಂಡರೆ ಏನು ಮಾಡಬೇಕು? ಸೆಟಪ್ ಮಾಡುವಾಗ ಐದು ಉದ್ದ ನಂಬರ್ ಬಂದಿದ್ದವು, ಅವು ಇದಕ್ಕೇನಾ?

ಕಪ್ಪುಪರದೆ

ಹೌದು. ಎಂಟೆಂಟು ಅಂಕಿಯ ತುರ್ತು ಕೋಡ್‌ಗಳು ಅವು. ಕೋಡ್ ಕೇಳಿದ ಜಾಗದಲ್ಲೇ ಹಾಕಿದರೆ ನಡೆಯುತ್ತದೆ. ಒಂದು ಸಲ ಬಳಸಿದ್ದು ಫೈಲಿನಿಂದ ಅಳಿದುಹೋಗುತ್ತದೆ. ಕಾಗದದಲ್ಲಿ ಬರೆದು ಆಫೀಸಿನ ಬೀರುವಿನಲ್ಲಿ ಇಡಿಸಿ, ಅದೇ ಫೋನ್‌ನ ನೋಟ್ಸ್‌ನಲ್ಲಿ ಬೇಡ. ಅದೂ ಕಳೆದರೆ ನೀವು ಸುಡೊದಿಂದ ಅವರ ಹೋಮ್‌ನಲ್ಲಿರುವ ಸೀಕ್ರೆಟ್ ಫೈಲ್ ತೆಗೆದು, ಅವರ ಯೂಸರ್‌ನಲ್ಲೇ ಗೂಗಲ್-ಆಥೆಂಟಿಕೇಟರ್ ಮತ್ತೆ ಓಡಿಸಿ, ಹೊಸ ಕ್ಯೂಆರ್ ತೋರಿಸಿ. ಫೋನ್ ಕಳೆದದ್ದು ಗೊತ್ತಾದ ದಿನವೇ ಮಾಡಿ. ಕೀ ಇರುವ ಲ್ಯಾಪ್‌ಟಾಪೂ ಜೊತೆಗೇ ಹೋಗಿದ್ದರೆ ಆಥರೈಸ್ಡ್_ಕೀಸ್‌ನಿಂದ ಆ ಕೀಯನ್ನೂ ಅಳಿಸಿ.

ಮತ್ತೆ ರೂಟ್ ಲಾಗಿನ್ 'ನೋ' ಆಗಿದೆಯಾ ಅಂತ ದೊಡ್ಡ ಟಿ ಹಾಕಿ ಒಮ್ಮೆ ನೋಡಿ.

ಹುಬ್ಬಳ್ಳಿ_ಹುಡುಗ

ನೋಡಿದೆ ಸರ್. 'ವಿದೌಟ್-ಪಾಸ್‌ವರ್ಡ್' ಅಂತ ಇದೆ.

ಕಪ್ಪುಪರದೆ

ಅಂದರೆ ರೂಟ್ ಪಾಸ್‌ವರ್ಡ್ ಹಾಕಿ ಬರುವಂತಿಲ್ಲ, ಕೀ ಇದ್ದರೆ ಇನ್ನೂ ಬರಬಹುದು. ಪರ್ಮಿಟ್‌ರೂಟ್‌ಲಾಗಿನ್ ನೋ ಮಾಡಿ, ಸಣ್ಣ ಟಿ ಓಡಿಸಿ, ರೀಸ್ಟಾರ್ಟ್ ಮಾಡಿ. ಹಳೆಯ ಸೆಷನ್ ಇನ್ನೂ ತೆರೆದಿದೆ ತಾನೇ?

ಹುಬ್ಬಳ್ಳಿ_ಹುಡುಗ

ತೆರೆದಿದೆ.